ಅ ಆ ಇ ಈ ಬದಿಗಿಟ್ಟು ಕನ್ನಡ ಓದು ಕಲಿಸಿದ್ದು

ಮುಂಬಯಿ ಪಕ್ಕದ ಡೊಂಬಿವಲಿಯ ನಮ್ಮ ಮನೆಯೊಳಗೆ ವಿಜಯಪುರದ ಕನ್ನಡ, ಬಾಗಿಲು ದಾಟಿದರೆ ಮರಾಠಿ, ಶಾಲೆಯಲ್ಲಿ ಇಂಗ್ಲಿಷ್. 2020ರ ಕಾನೂನಿನ ಪ್ರಕಾರ ಮಹಾರಾಷ್ಟ್ರದ ಶಾಲೆಗಳಲ್ಲಿ ಮರಾಠಿ ಕಡ್ಡಾಯ. ಹಾಗಾಗಿ ಮಗಳಿಗೆ ಎರಡು ಲಿಪಿಗಳನ್ನು ಶಾಲೆಯೇ ಕಲಿಸುತ್ತದೆ, ಕನ್ನಡ ಓದು ಮಾತ್ರ ನಮ್ಮ ಪಾಲಿನದು. ಮಾತು ಬಂದರೆ ಸಾಕಲ್ಲ ಎನ್ನುವವರು ನಮ್ಮ ನೆಂಟರಲ್ಲೇ ಇದ್ದಾರೆ. ಓದಲು ಬಾರದ ಭಾಷೆ ಹತ್ತು ವರ್ಷ ದಾಟುವಷ್ಟರಲ್ಲಿ ಅಡುಗೆಮನೆಯ ಮಾತಾಗಿ ಉಳಿಯುತ್ತದೆ ಎಂಬುದು ನನ್ನ ಅಭಿಪ್ರಾಯ.

49 ಅಕ್ಷರಗಳ ಬಾಯಿಪಾಠದಿಂದ ನಾನು ಶುರು ಮಾಡಲಿಲ್ಲ. ಸ್ವರಗಳನ್ನಷ್ಟೇ ಕಲಿತ ಮಗುವಿಗೆ ‘ಆ’, ‘ಈ’ ಬಿಟ್ಟರೆ ಓದಲು ಪದವೇ ಸಿಗುವುದಿಲ್ಲ. ಇನ್ನು ಙ, ಞ ಯಾವ ಕಾಲಕ್ಕೆ ಬೇಕಾದಾವು? ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಚಿಕ್ಕ ಮಕ್ಕಳಿಗೆ ಆಟವಾಡಿಸುತ್ತ ಕಲಿಸುವ ನಲಿ-ಕಲಿ ತರಗತಿಗಳಲ್ಲಿ, ವಯಸ್ಕರ ಸಾಕ್ಷರತೆಯ ಪುಸ್ತಕಗಳಲ್ಲಿ ಬಳಸುವ ‘ರ ಗ ಸ ದ ಅ’ ಕ್ರಮವನ್ನೇ ಹಿಡಿದೆ. ಈ ಐದೇ ಅಕ್ಷರಗಳಲ್ಲಿ ಸರ, ರಸ, ದರ, ಅಗಸ, ಅರಸ, ಗರಗಸ ಎಲ್ಲ ಓದಿಸಬಹುದು. ‘ಗರಗಸ’ ಓದಿದ ದಿನ ಅವಳು ಅದನ್ನು ಮನೆತುಂಬ ಕೂಗಿಕೊಂಡು ಓಡಾಡಿದಳು, ಪಕ್ಕದ ಮನೆಯ ಕಾಕೂಗೂ ಹೇಳಿಬಂದಳು. ಅವರಿಗೆ ಏನು ತಿಳಿಯಿತೋ!

ಆಮೇಲೆ ಜ ವ ಮ ಬ ನ. ಮರ, ಜನ, ಮಗ, ಬಸವ, ಅವಸರ. ಈ ಕ್ರಮದಲ್ಲಿ ಆಕಾರದ ಹೋಲಿಕೆ ಮಗುವಿನ ಕಣ್ಣಿಗೆ ತಾನಾಗಿ ಬೀಳುತ್ತದೆ. “ಅವ್ವಾ, ಈ ವ ಬಾಲ ಹಚ್ಕೊಂಡ್ರ ಮ ಆಗ್ತೈತಿ!” ಅಂದಳು. ನಾನು ಹೇಳಿಕೊಟ್ಟ ಮಾತಲ್ಲ ಅದು.

ಪೆನ್ಸಿಲ್ ಬಹಳ ದಿನ ಕೊಡಲಿಲ್ಲ. ಸ್ಟೀಲ್ ತಟ್ಟೆಯಲ್ಲಿ ತೆಳ್ಳಗೆ ರವೆ ಹರಡಿ ಬೆರಳಲ್ಲಿ ತಿದ್ದಿಸಿದೆ. ತಪ್ಪಾದರೆ ತಟ್ಟೆ ಅಲ್ಲಾಡಿಸಿದರಾಯಿತು, ರಬ್ಬರ್ ಉಜ್ಜಿ ಹಾಳೆ ಹರಿಯುವ ಗೋಳಿಲ್ಲ. ರವೆ ದಪ್ಪಗೆ ಹಾಕಿದರೆ ಗೆರೆ ಮುಚ್ಚಿಹೋಗುತ್ತದೆ, ತಟ್ಟೆಯ ತಳ ಹೊಳೆಯುವಷ್ಟಿದ್ದರೆ ಸಾಕು. ರಾತ್ರಿ ಊಟವಾದ ಮೇಲೆ ಹತ್ತು ನಿಮಿಷ, ಅಷ್ಟೇ. ಅವಳು ಇನ್ನೂ ಬೇಕು ಅನ್ನುವಾಗಲೇ ನಿಲ್ಲಿಸುತ್ತಿದ್ದೆ.

ಓದಲು ಸಾಮಗ್ರಿ ಮುಂಬಯಿಯಲ್ಲಿ ಇಲ್ಲವೆಂದಲ್ಲ. ಇಲ್ಲಿಂದಲೇ ಹೊರಡುವ ‘ಕರ್ನಾಟಕ ಮಲ್ಲ’ ಪತ್ರಿಕೆಯ ದಪ್ಪಕ್ಷರದ ತಲೆಬರಹಗಳಲ್ಲಿ ಗೊತ್ತಿರುವ ಅಕ್ಷರಗಳಿಗೆ ಸುತ್ತು ಹಾಕಿಸಿದೆ. ಮಹಾರಾಷ್ಟ್ರದ ಪಠ್ಯಪುಸ್ತಕ ಸಂಸ್ಥೆಯಾದ ಪುಣೆಯ ಬಾಲಭಾರತಿ, ಗಡಿಭಾಗದ ಜತ್ತ, ಅಕ್ಕಲಕೋಟೆಯಂಥ ಕಡೆಯ ಕನ್ನಡ ಮಾಧ್ಯಮದ ಮಕ್ಕಳಿಗಾಗಿ ಪಠ್ಯಪುಸ್ತಕ ತರುತ್ತದೆ, ಅದರ ಪಿಡಿಎಫ್ ಪುಕ್ಕಟೆ ಸಿಗುತ್ತದೆ. ಒಂದನೇ ತರಗತಿಯದನ್ನು ಇಳಿಸಿಕೊಂಡು ಪ್ರಿಂಟ್ ಹಾಕಿಸಿದೆ. ಮೊಬೈಲಿನಲ್ಲಿ ತೋರಿಸಿದರೆ ಅವಳ ಬೆರಳು ಬೇರೆಲ್ಲೋ ಹೋಗುತ್ತದೆ.

ಗುಣಿತಾಕ್ಷರದಲ್ಲಿ ತೊಡಕು ಬಂದಿದ್ದು ಎ-ಏ, ಒ-ಓಗಳಲ್ಲಿ. ಶಾಲೆಯ ಮರಾಠಿ ಲಿಪಿಯಲ್ಲಿ ಈ ಹ್ರಸ್ವ-ದೀರ್ಘ ಭೇದವಿಲ್ಲ, ಹೀಗಾಗಿ ‘ಕೊಡು’ ಅವಳ ಬಾಯಲ್ಲಿ ‘ಕೋಡು’ ಆಗುತ್ತಿತ್ತು. ಬೇಳೆ ಡಬ್ಬಿಯ ಮೇಲೆ ‘ಬೇಳೆ’ ಎಂದು ಬರೆದು ಅಂಟಿಸಿದೆ, ಅಜ್ಜ ಕಳಿಸಿದ ಹೊಲದ ಫೋಟೋ ಕೆಳಗೆ ‘ಬೆಳೆ’ ಎಂದು ಬರೆದೆ. ಇಂಥ ಜೋಡಿಗಳನ್ನು ಎದುರುಬದುರು ಇಟ್ಟ ಮೇಲೆ ಕಿವಿ ಹದಕ್ಕೆ ಬಂತು.

ಒತ್ತಕ್ಷರಕ್ಕೆ ಮನೆಯವರೇ ಸಾಕಾದರು. ಅಪ್ಪ, ಅಕ್ಕ, ಅಮ್ಮ, ಅಜ್ಜ, ಎಲ್ಲವೂ ತಮ್ಮದೇ ಒತ್ತು ಹೊತ್ತ ಪದಗಳು. ಬೇರೆ ಅಕ್ಷರದ ಒತ್ತು ಆಮೇಲೆ. ನನಗೆ ಹೆದರಿಕೆ ಇದ್ದದ್ದು ಅರ್ಕಾವತ್ತಿನ ಬಗ್ಗೆ. ‘ಸೂರ್ಯ’ವನ್ನು ‘ಸೂರ್‍ಯ’ ಎಂದು ಬಿಡಿಸಿ ಬರೆಯಲೋ, ‘ಸೂರ್ಯ’ ಎಂದೇ ತೋರಿಸಲೋ ಎಂದು ಯೋಚಿಸುತ್ತಿದ್ದೆ. ಅಷ್ಟರಲ್ಲಿ ಅವಳಿಗೆ ಶಾಲೆಯಲ್ಲಿ ಮರಾಠಿಯ ಅರ್ಕಾವತ್ತಾದ ರಫಾರ ಆಗಿಹೋಗಿತ್ತು. ಅಲ್ಲಿ ತಲೆ ಮೇಲೆ ಕೂಡುವುದು ಇಲ್ಲಿ ಪಕ್ಕಕ್ಕೆ ಬರುತ್ತದೆ, ಎರಡು ಕಡೆಯೂ ರ್ ಮೊದಲೇ ಹೇಳಬೇಕು ಎಂದು ನನಗೇ ವಿವರಿಸಿದಳು.