ಹುಲಿಪಟ್ಟೆ ಅಂಗಿಗೆ ಮೊದಲು ನೆರಳು, ಆಮೇಲೆ ಪಟ್ಟೆ

ನಾನು ಚಾಮರಾಜಪೇಟೆಯಲ್ಲಿ ಬ್ಲೌಸ್ ಹೊಲಿಯುವವಳು. ರಾತ್ರಿ ಅಂಗಡಿ ಬಾಗಿಲು ಹಾಕಿದ ಮೇಲೆ ಅದೇ ಮೇಜಿನ ಮೇಲೆ ಟಿಪ್ಪುವಿನ ಸಿಪಾಯಿಗಳಿಗೆ ಬಣ್ಣ ಹಚ್ಚುತ್ತೇನೆ. ಎಲ್ಲಾ 28 ಮಿಲಿಮೀಟರ್ ಅಳತೆಯ ಲೋಹದ ಗೊಂಬೆಗಳು. ಮಗನಿಗೆ ಯುದ್ಧದಾಟದ ಹುಚ್ಚು. 1791ರ ಮಾರ್ಚ್‌ನಲ್ಲಿ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸ್ ಬೆಂಗಳೂರು ಕೋಟೆಗೆ ಲಗ್ಗೆ ಹಾಕಿದ್ದನ್ನು ಮೇಜಿನ ಮೇಲೆ ಆಡಬೇಕು ಅಂತ ಅವನಿಗೆ ಆಸೆ. ಆ ಕೋಟೆಯ ದೆಹಲಿ ಬಾಗಿಲು ಈಗಲೂ ಮಾರ್ಕೆಟ್ ಹತ್ತಿರ ನಿಂತಿದೆ, ನಮ್ಮ ಅಂಗಡಿಯಿಂದ ನಡೆದೇ ಹೋಗಬಹುದು. ಕೋಟೆ ಕಾಯುತ್ತಾ ಪ್ರಾಣ ಬಿಟ್ಟ ಕಿಲ್ಲೇದಾರ, ಅಂದರೆ ಕೋಟೆಯ ಮುಖ್ಯಸ್ಥ, ಬಹದ್ದೂರ್ ಖಾನನಿಗೂ ಅವನ ಜೊತೆ ನಿಂತವರಿಗೂ ಸರಿಯಾದ ಬಟ್ಟೆ ತೊಡಿಸಬೇಕು ಅನ್ನೋದು ನನ್ನ ಆಸೆ.

ಮೊದಲು ತಯಾರಿ. ಅಚ್ಚಿನಿಂದ ಬಂದ ಗೊಂಬೆಯ ಪಕ್ಕಗಳಲ್ಲಿ ಒಂದು ತೆಳು ಗೆರೆ ಇರುತ್ತದೆ. ಅದನ್ನು ಸಣ್ಣ ಅರದಿಂದ ಉಜ್ಜಿ ತೆಗೆಯಿರಿ. ಪಾತ್ರೆ ತೊಳೆಯುವ ಸೋಪಿನ ನೀರಲ್ಲಿ ತೊಳೆದು ಒಣಗಿಸಿ. ಔಷಧಿ ಬಾಟಲಿಯ ಮುಚ್ಚಳಕ್ಕೆ ಡಬಲ್ ಟೇಪ್‌ನಲ್ಲಿ ಅಂಟಿಸಿಕೊಂಡರೆ ಗೊಂಬೆಯನ್ನು ಕೈಯಲ್ಲಿ ಮುಟ್ಟುವ ಅಗತ್ಯ ಇಲ್ಲ. ಆಮೇಲೆ ಪ್ರೈಮರ್, ಅಂದರೆ ಬಣ್ಣ ಹಿಡಿಯಲಿ ಅಂತ ಮೊದಲು ಹೊಡೆಯುವ ಲೇಪ. ಇದನ್ನು ಮಾತ್ರ ಮಳೆ ದಿನ ಮಾಡಬೇಡಿ. ಒಂದು ಜುಲೈ ಸಂಜೆ ತುಂತುರು ನಿಂತಿತಲ್ಲಾ ಅಂತ ಟೆರೇಸ್ ಮೇಲೆ ಸ್ಪ್ರೇ ಹೊಡೆದೆ. ಹನ್ನೆರಡು ಗೊಂಬೆಗಳ ಮೈ ರವೆ ಅಂಟಿದ ಹಾಗೆ ತರಿತರಿಯಾಯಿತು. ಡೆಟಾಲ್‌ಗೆ ನೀರು ಬೆರೆಸದೆ ರಾತ್ರಿಯಿಡೀ ನೆನೆಸಿ, ಕೈಗವಸು ಹಾಕಿಕೊಂಡು ಹಳೇ ಟೂತ್‌ಬ್ರಷ್‌ನಲ್ಲಿ ತಿಕ್ಕಿದ ಮೇಲೆ ಬಿಟ್ಟಿತು. ತಿಕ್ಕುವಾಗಲೂ ನೀರು ತಾಗಿಸಬಾರದು, ಬಣ್ಣ ಅಂಟಂಟಾಗಿ ಮತ್ತೆ ಮೆತ್ತಿಕೊಳ್ಳುತ್ತದೆ. ಕೊನೆಯ ತಿಕ್ಕನ್ನೂ ಡೆಟಾಲ್‌ನಲ್ಲೇ ಮುಗಿಸಿ, ಒರೆಸಿ, ಆಮೇಲೆ ಸೋಪಿನಲ್ಲಿ ತೊಳೆಯಿರಿ.

ಅಕ್ರಿಲಿಕ್ ಬಣ್ಣವನ್ನು ಟ್ಯೂಬಿನಿಂದ ನೇರ ಹಚ್ಚಿದರೆ ಕಣ್ಣು, ಮೂಗು, ಗುಂಡಿ ಎಲ್ಲಾ ಮುಚ್ಚಿಹೋಗುತ್ತವೆ. ನೀರು ಮಜ್ಜಿಗೆಯ ಹದಕ್ಕೆ ತನ್ನಿ. ತೆಳುವಾಗಿ ಎರಡು ಸಲ ಹಚ್ಚಿ. ನಮ್ಮೂರಲ್ಲಿ ಮಾರ್ಚ್, ಏಪ್ರಿಲ್‌ನಲ್ಲಿ ಫ್ಯಾನ್ ಕೆಳಗೆ ಕೂತರೆ ಬಣ್ಣ ನೋಡನೋಡುತ್ತಲೇ ಒಣಗುತ್ತದೆ. ಅದಕ್ಕೆ ಒಂದು ಡಬ್ಬಿಯಲ್ಲಿ ಒದ್ದೆ ಸ್ಪಂಜ್ ಇಟ್ಟು, ಮೇಲೆ ಬಟರ್ ಪೇಪರ್ ಹಾಸಿ, ಅದರ ಮೇಲೆ ಬಣ್ಣ ಕಲಸಿಕೊಳ್ಳಿ. ನಾವು ಎಂಬ್ರಾಯ್ಡರಿ ಟ್ರೇಸ್ ಮಾಡುವ ಪೇಪರ್ ಒದ್ದೆಯಾದರೆ ಸುರುಟಿಕೊಳ್ಳುತ್ತದೆ, ಕೇಕ್ ಮಾಡುವಾಗ ಹಾಸುವುದೇ ಬೇಕು. ಬ್ರಷ್ ಕೂಡ ತೀರಾ ಸಣ್ಣದು ಬೇಡ. ಮೂರು ಸೊನ್ನೆಯ ಬ್ರಷ್‌ನಲ್ಲಿ ಬಣ್ಣ ತುದಿಯಲ್ಲೇ ಒಣಗುತ್ತದೆ. ತುದಿ ಚೂಪಾಗಿರುವ 1 ನಂಬರ್ ರೌಂಡ್ ಬ್ರಷ್ ಸಾಕು.

ಈಗ ಅಂಗಿ. ಟಿಪ್ಪುವಿನ ಕಾಲಾಳುಗಳದ್ದು ನೇರಳೆ ಅಂಗಿ, ಮೇಲೆ ಬಿಳಿ ಹುಲಿಪಟ್ಟೆ. ಆ ಪಟ್ಟೆಗೆ ಬಬ್ರಿ ಅಂತ ಹೆಸರು. ಹೊಸಬರು ನೇರಳೆ ಬಳಿದ ಕೂಡಲೇ ಪಟ್ಟೆ ಎಳೆದು, ಕೊನೆಗೆ ನೆರಳಿಗೆ ಅಂತ ಕಪ್ಪು ವಾಶ್, ಅಂದರೆ ನೀರಾಗಿಸಿದ ಕಪ್ಪು ಬಣ್ಣ, ಸುರಿಯುತ್ತಾರೆ. ಬಿಳಿ ಎಲ್ಲಾ ಕೊಳೆಯಾಗುತ್ತದೆ. ನೆರಳು ಮೊದಲು ಮುಗಿಯಬೇಕು.

ಬಟ್ಟೆ ಎಲ್ಲಿ ಮಡಿಕೆ ಬೀಳುತ್ತದೆ ಅಂತ ದಿನಾ ನೋಡುವವಳು ನಾನು. ನೀವೂ ತುಂಬುತೋಳಿನ ಅಂಗಿ ಹಾಕಿಕೊಂಡು, ಕೋವಿ ಹಿಡಿದ ಹಾಗೆ ಕೈ ಮಡಿಸಿ, ಕನ್ನಡಿ ಮುಂದೆ ನಿಲ್ಲಿ. ಮೊಣಕೈ ಒಳಬದಿಯಲ್ಲಿ ಮೂರು ನಾಲ್ಕು ಮಡಿಕೆ ಒಂದೇ ಕಡೆ ಬಂದು ಸೇರುತ್ತವೆ. ಹೊರಬದಿ ಬಿಗಿಯಾಗಿ, ನುಣುಪಾಗಿ ಇರುತ್ತದೆ. ಕಂಕುಳಿನ ಕೆಳಗೆ, ಸೊಂಟಪಟ್ಟಿ ಬಿಗಿದ ಕಡೆ ಮತ್ತೆ ನೆರಿಗೆ. ತಲೆ ಮೇಲೆ ದೀಪ ಇದೆ ಅಂದುಕೊಂಡರೆ ಇವೆಲ್ಲ ನೆರಳಿನ ಜಾಗ.

ನೇರಳೆಗೆ ಕಡುನೀಲಿಯನ್ನೂ ಚೂರು ಕಂದು ಬಣ್ಣವನ್ನೂ ಬೆರೆಸಿ ಆ ಜಾಗಗಳಿಗೆ ಬಿಡಿ. ಕಪ್ಪು ಬೇಡ, ಬಣ್ಣ ಸತ್ತುಹೋಗುತ್ತದೆ. ಮಡಿಕೆಯ ಉಬ್ಬಿದ ಅಂಚಿಗೆ, ಹೆಗಲಿಗೆ, ಮೊಣಕೈ ಹೊರಬದಿಗೆ ನೇರಳೆಗೆ ಸ್ವಲ್ಪ ಬಿಳಿ ಸೇರಿಸಿ ಹಚ್ಚಿ. ಇಷ್ಟು ಸಣ್ಣ ಗೊಂಬೆಗೆ ನಿಜವಾದ ಬೆಳಕು ಮಾಡುವ ನೆರಳು ಸಾಕಾಗಲ್ಲ. ಅದಕ್ಕೆ ಕೈಯಲ್ಲಿ ಹಿಡಿದು ನೋಡಿದಾಗ ಜಾಸ್ತಿಯಾಯಿತು ಅನ್ನಿಸುವಷ್ಟು ಗಾಢವಾಗಿರಲಿ. ಮೇಜಿನ ಮೇಲಿಟ್ಟು ಮೂರು ಅಡಿ ದೂರದಿಂದ ನೋಡಿದರೆ ಸರಿಹೋಗುತ್ತದೆ.

ಪಟ್ಟೆಗೆ ಅಚ್ಚ ಬಿಳಿ ಬೇಡ, ಬೂದು ಬೆರೆತ ಬಿಳಿ ತಗೊಳ್ಳಿ. ಪಟ್ಟೆ ಅಕ್ಕಿಕಾಳಿನ ಹಾಗೆ ನಡುವೆ ದಪ್ಪ, ಎರಡು ತುದಿ ಚೂಪು, ಉದ್ದ ಒಂದು ಮಿಲಿಮೀಟರ್. ಬ್ರಷ್ ತುದಿ ತಾಗಿಸಿ, ಚೂರು ಒತ್ತಿ, ಎಳೆದು ಎತ್ತಿ. ಬುಟ್ಟಾ ಸೀರೆಯ ನೆರಿಗೆ ನೋಡಿದ್ದೀರಲ್ವಾ? ಬುಟ್ಟಾ ಅರ್ಧ ಕಾಣುತ್ತದೆ, ಇನ್ನರ್ಧ ಒಳಗೆ ಹೋಗಿರುತ್ತದೆ. ಇಲ್ಲೂ ಹಾಗೇ. ಮಡಿಕೆ ಹತ್ತಿರ ಪಟ್ಟೆಯನ್ನು ಅರ್ಧಕ್ಕೆ ನಿಲ್ಲಿಸಿ. ನೆರಳಲ್ಲಿರುವ ಪಟ್ಟೆ ಬೂದಾಗಿಯೇ ಉಳಿಯಲಿ. ಹೆಗಲ ಮೇಲಿನ ಪಟ್ಟೆಗಳ ನಡುವಿಗೆ ಮಾತ್ರ ಅಚ್ಚ ಬಿಳಿಯ ಒಂದು ಚುಕ್ಕೆ ಇಡಿ. ಮೊದಲ ಸಿಪಾಯಿಗೆ ನನಗೆ ಎರಡು ರಾತ್ರಿ ಹಿಡಿಯಿತು. ಮೊಣಕೈಯ ಆ ಮಡಿಕೆ ಬಟ್ಟೆಯ ಹಾಗೆ ಕಂಡಾಗ ಮಗನನ್ನು ಎಬ್ಬಿಸಿ ತೋರಿಸಿದೆ.

ಈಸ್ಟ್ ಇಂಡಿಯಾ ಕಂಪನಿಯವರ ಕೆಂಪು ಕೋಟು ಸುಲಭ. ನೆರಳಿಗೆ ಕೆಂಪಿನ ಜೊತೆ ಕಂದು, ಬೆಳಕಿಗೆ ಕಿತ್ತಳೆ. ಬಿಳಿ ಬೆರೆಸಿದರೆ ಗುಲಾಬಿಯಾಗುತ್ತದೆ. ಸಿಪಾಯಿಗಳ ಮುಖಕ್ಕೆ ಬರ್ಂಟ್ ಸಿಯೆನ್ನಾ (ಕೆಂಗಂದು) ಮತ್ತು ಯೆಲ್ಲೋ ಓಕರ್ (ಮಣ್ಣುಹಳದಿ) ಕಲಸಿ. ಎಲ್ಲರಿಗೂ ಒಂದೇ ಮೈಬಣ್ಣ ಕೊಡಬೇಡಿ, ಸಾಲಿನಲ್ಲಿ ನಿಂತವರು ಬೇರೆ ಬೇರೆ ಮನೆಯ ಮಕ್ಕಳು.

ಬುಡಕ್ಕೆ ನಾನು ತುಳಸಿ ಕುಂಡದ ಕೆಮ್ಮಣ್ಣನ್ನೇ ಹಾಕುತ್ತೇನೆ. ಬಿಸಿಲಲ್ಲಿ ಒಣಗಿಸಿ, ಟೀ ಸೋಸುವ ಜಾಲರಿಯಲ್ಲಿ ಜರಡಿ ಹಿಡಿದು, ಫೆವಿಕಾಲ್ ಬಳಿದ ಬುಡದ ಮೇಲೆ ಉದುರಿಸಿ. ಒಂದು ರಾತ್ರಿ ಬಿಟ್ಟು, ಬಿಸಿಲು ಚೆನ್ನಾಗಿರುವ ಮಧ್ಯಾಹ್ನ ಹೊಳಪಿಲ್ಲದ ಮ್ಯಾಟ್ ವಾರ್ನಿಶ್ ಹೊಡೆಯಿರಿ.