ದಿನದ ರಗಳೆ ಎಕ್ಸೆಲ್ ಹೆಗಲಿಗೆ

ದಿನಾ ಅದೇ ಪಟ್ಟಿ, ಅದೇ ತಿದ್ದುಪಡಿ. ಬೇಡದ ಕಾಲಂ ಅಳಿಸು, ತಲೆಸಾಲು ದಪ್ಪ ಮಾಡು, ದಿನಾಂಕ ಸರಿಪಡಿಸು. ಇದನ್ನೇ ವರ್ಷಗಟ್ಟಲೆ ಕೈಯಲ್ಲೇ ಮಾಡುವವರು ಜಾಸ್ತಿ. ಅವರಿಗೆ ಸೀದಾ ಕೋಡಿಂಗ್ ಪಾಠ ಹೇಳಲು ಹೋದರೆ ಎರಡನೇ ದಿನ ಕ್ಲಾಸ್ ಖಾಲಿ! ಎಕ್ಸೆಲ್‌ನ ಮ್ಯಾಕ್ರೋ ರೆಕಾರ್ಡರ್‌ನಿಂದ ಶುರು ಮಾಡಿ. ನಾವು ಮಾಡಿದ್ದನ್ನೆಲ್ಲ ಅದು ವಿಬಿಎ ಅನ್ನುವ ಕೋಡಿಂಗ್ ಭಾಷೆಯಲ್ಲಿ ತಾನೇ ಬರೆದಿಟ್ಟುಕೊಳ್ಳುತ್ತದೆ. ಹಾಗೆ ಬರೆದಿಟ್ಟ, ಬೇಕಾದಾಗ ಮತ್ತೆ ಓಡಿಸಬಹುದಾದ ಹೆಜ್ಜೆಗಳೇ ಮ್ಯಾಕ್ರೋ. 1993ರ ಎಕ್ಸೆಲ್ 5ರಲ್ಲೇ ಬಂದ ಭಾಷೆ ಅದು.

ಮೊದಲು ಬೇಕಾದ್ದು ಹಾಳೆ, ಪೆನ್ನು. ಕಲಿಯುವವರು ತಮ್ಮ ಒಂದೊಂದು ಕ್ಲಿಕ್ಕನ್ನೂ ಕ್ರಮವಾಗಿ ಬರೆಯಲಿ. ಮಧ್ಯೆ ‘ಇದನ್ನು ನೋಡಿ ತೀರ್ಮಾನಿಸಬೇಕು’ ಅನ್ನುವ ಹೆಜ್ಜೆ ಬಂತಾ? ಸದ್ಯಕ್ಕೆ ಬೇರೆ ಕೆಲಸ ಆರಿಸಿ. ರೆಕಾರ್ಡರ್ ಯೋಚನೆ ಮಾಡುವುದಿಲ್ಲ.

ಆಮೇಲೆ ಫೈಲಿನ ಕಾಪಿ ತೆಗೆಯಿರಿ. ಇದನ್ನು ಮರೆಯಬೇಡಿ, ಮ್ಯಾಕ್ರೋ ಮಾಡಿದ ಬದಲಾವಣೆಗೆ ಅನ್‌ಡೂ ಕೆಲಸ ಮಾಡುವುದಿಲ್ಲ.

ಈಗ ವ್ಯೂ ಟ್ಯಾಬ್‌ನಲ್ಲಿ ಮ್ಯಾಕ್ರೋಸ್, ಅದರಡಿ ರೆಕಾರ್ಡ್ ಮ್ಯಾಕ್ರೋ. ಹೆಸರಿನಲ್ಲಿ ಜಾಗ ಬಿಡುವಂತಿಲ್ಲ. ಮ್ಯಾಕ್ರೋ ಓಡಿಸುವ ಶಾರ್ಟ್‌ಕಟ್‌ಗೆ ಬರೀ ಕಂಟ್ರೋಲ್-ಸಿ ಕೊಟ್ಟರೆ ಕಾಪಿ ಮಾಡುವ ಕೀಲಿಯೇ ಹೋಯಿತು, ಶಿಫ್ಟ್ ಸೇರಿಸಿಕೊಳ್ಳಿ. ಹಾಳೆಯಲ್ಲಿ ಬರೆದಂತೆ ಕೆಲಸ ಮಾಡಿ, ಸ್ಟಾಪ್ ಒತ್ತಿ. ಮೌಸ್ ಕಲಿಯುವವರ ಕೈಯಲ್ಲೇ ಇರಲಿ. ಕಲಿಸುವವರು ಕೈ ಕಟ್ಟಿ ನಿಲ್ಲುವುದೇ ಕಷ್ಟ, ಅಲ್ವಾ?

ಎಲ್ಲರೂ ಎಡವುವ ಜಾಗ ಒಂದಿದೆ. ಇವತ್ತಿನ ಪಟ್ಟಿಯಲ್ಲಿ 40 ಸಾಲು ಇದೆ ಅಂದುಕೊಳ್ಳಿ. ಮೌಸ್ ಎಳೆದು ಸಿ2ರಿಂದ ಸಿ40ರವರೆಗೆ ಆರಿಸಿದರೆ ರೆಕಾರ್ಡರ್ ಆ ವಿಳಾಸವನ್ನೇ ಬರೆದುಕೊಳ್ಳುತ್ತದೆ. ನಾಳೆ 60 ಸಾಲು ಬಂದರೂ 40ಕ್ಕೇ ನಿಲ್ಲುತ್ತದೆ. ಬಯ್ಯುವುದು ಬೇಡ, ಹೇಳಿದಷ್ಟು ಮಾಡಿದೆ. ಅದಕ್ಕೆ ಮೇಲಿನ ‘ಸಿ’ ಅಕ್ಷರವನ್ನೇ ಒತ್ತಿ ಇಡೀ ಕಾಲಂ ಆರಿಸಿ. ಇಲ್ಲವೇ ಕಂಟ್ರೋಲ್-ಶಿಫ್ಟ್-ಕೆಳಬಾಣ ಒತ್ತಿ. ಆದರೆ ನಡುವೆ ಖಾಲಿ ಸೆಲ್ ಇದ್ದರೆ ಬಾಣ ಅಲ್ಲಿಗೇ ನಿಂತುಬಿಡುತ್ತದೆ. ಕರ್ಸರ್ ಇದ್ದ ಕಡೆಯಿಂದಲೇ ಕೆಲಸ ಆಗಬೇಕಾದರೆ, ರೆಕಾರ್ಡ್ ಮಾಡುವ ಮೊದಲು ‘ಯೂಸ್ ರಿಲೇಟಿವ್ ರೆಫರೆನ್ಸಸ್’ ಆನ್ ಮಾಡಿ.

ಫೈಲನ್ನು ಎಕ್ಸ್‌ಎಲ್‌ಎಸ್‌ಎಂ (.xlsm) ಮಾದರಿಯಲ್ಲಿ ಉಳಿಸಿ, ಮಾಮೂಲಿ ಎಕ್ಸ್‌ಎಲ್‌ಎಸ್‌ಎಕ್ಸ್‌ನಲ್ಲಿ (.xlsx) ಮ್ಯಾಕ್ರೋ ಉಳಿಯುವುದಿಲ್ಲ. ಎಲ್ಲ ಫೈಲಿಗೂ ಬೇಕಾದರೆ ರೆಕಾರ್ಡ್ ಮಾಡುವಾಗಲೇ ಪರ್ಸನಲ್ ಮ್ಯಾಕ್ರೋ ವರ್ಕ್‌ಬುಕ್ ಆರಿಸಿ.

ಯಾರೋ ಮೇಲ್‌ನಲ್ಲಿ ಕಳಿಸಿದ ಮ್ಯಾಕ್ರೋ ಮಾತ್ರ ಸುಮ್ನೆ ಎನೇಬಲ್ ಮಾಡಬೇಡಿ. ಅದರೊಳಗೆ ವೈರಸ್ ಇರಬಹುದು. ಇಂಟರ್ನೆಟ್‌ನಿಂದ ಬಂದ ಮ್ಯಾಕ್ರೋಗಳನ್ನು ಮೈಕ್ರೋಸಾಫ್ಟ್ 2022ರಿಂದ ತಾನಾಗಿಯೇ ತಡೆಯುತ್ತಿರುವುದು ಇದಕ್ಕೇ.

ಪರೀಕ್ಷೆಗೆ ಅದೇ ಪಟ್ಟಿ ಕೊಡಬೇಡಿ. ಸಾಲುಗಳ ಸಂಖ್ಯೆ ಬೇರೆ ಇರುವ ಇನ್ನೊಂದು ಪಟ್ಟಿಯ ಮೇಲೆ ಓಡಿಸಿ, ಕೊನೆಯ ಸಾಲು ನೋಡಲು ಹೇಳಿ.