ಆರು ಅಡಿ ಅಗಲದ ಕಟ್ಟಡ

ಅಮೆರಿಕದ ಒಹಾಯೊ ರಾಜ್ಯದ ಒಂದು ಪುಟ್ಟ ಊರಿನ ನಗರ ಯೋಜನಾ ಕಚೇರಿಯಲ್ಲಿ ನನ್ನ ಕೆಲಸ. ಊರಿನ ಹೆಸರು ಬೇಡ, ಹೇಳಿದರೆ ಈ ಕತೆಯಲ್ಲಿ ಬರುವವರೆಲ್ಲ ಯಾರ್‍ಯಾರು ಅಂತ ಗೊತ್ತಾಗಿಬಿಡುತ್ತದೆ. ಕಚೇರಿಯೂ ದೊಡ್ಡದಲ್ಲ, ನಾವು ಮೂರೇ ಜನ. ಊರಲ್ಲಿ ಅಮ್ಮ ಯಾರಾದರೂ ಕೇಳಿದರೆ "ಪ್ಲಾನ್ ಸ್ಯಾಂಕ್ಷನ್ ಮಾಡ್ತಾನೆ" ಅಂತಾರೆ. ಅದು ಸುಳ್ಳೂ ಅಲ್ಲ.

ನಾನು ಸೇರಿದ ಮೂರನೇ ಚಳಿಗಾಲದಲ್ಲಿ ಮೇನ್ ಸ್ಟ್ರೀಟಿನ ನಡುವೆ ಒಂದು ಇಟ್ಟಿಗೆ ಕಟ್ಟಡ ಸುಟ್ಟುಹೋಯಿತು. 1890ರ ದಶಕದ್ದು. ಕೆಳಗೆ ಚಪ್ಪಲಿ ಅಂಗಡಿ, ಮೇಲೆ ಎರಡು ಮಹಡಿ ಆಫೀಸು, ಎರಡೂ ಪಕ್ಕದಲ್ಲಿ ಬೇರೆಯವರ ಗೋಡೆಗೆ ಅಂಟಿಕೊಂಡಿತ್ತು. ಇನ್ಶೂರೆನ್ಸ್ ದುಡ್ಡು ಬಂದ ಮೇಲೆ ಮಾಲೀಕರು ನಮ್ಮ ಕೌಂಟರಿಗೆ ಬಂದರು. ಎಪ್ಪತ್ತು ದಾಟಿದವರು. "ಮೊದಲು ಹೇಗಿತ್ತೋ ಹಾಗೇ ಕಟ್ಟಿಕೊಳ್ಳುತ್ತೇನೆ, ಬೇರೇನೂ ಬೇಡ" ಅಂದರು. ನಾನು ನಿಯಮದ ಪುಸ್ತಕ ತೆಗೆದು ನೋಡಿದೆ. ಆಗುವುದಿಲ್ಲ ಅಂದೆ.

ಯಾಕೆ ಆಗುವುದಿಲ್ಲ ಅಂದರೆ, 1960ರ ದಶಕದಲ್ಲಿ ನಮ್ಮ ಊರಿನವರು ಬರೆದ ಜೋನಿಂಗ್ ನಿಯಮ (ಎಲ್ಲಿ ಏನನ್ನು ಹೇಗೆ ಕಟ್ಟಬಹುದು ಅನ್ನುವುದು) ಹೈವೇ ಪಕ್ಕದ ಅಂಗಡಿ ಸಾಲನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು, ಅದನ್ನೇ ಹಳೇ ಪೇಟೆಗೂ ಹಚ್ಚಿಬಿಟ್ಟಿದ್ದರು. ಮುಂದೆ 25 ಅಡಿ, ಹಿಂದೆ 20 ಅಡಿ, ಎರಡೂ ಪಕ್ಕ ತಲಾ 8 ಅಡಿ ಸೆಟ್‌ಬ್ಯಾಕ್, ಅಂದರೆ ಕಟ್ಟದೆ ಖಾಲಿ ಬಿಡಬೇಕಾದ ಜಾಗ. ಹಳೇ ಕಟ್ಟಡಗಳನ್ನು ಇದ್ದ ಹಾಗೆ ಇಟ್ಟುಕೊಳ್ಳಬಹುದು. ಆದರೆ ಅರ್ಧಕ್ಕಿಂತ ಜಾಸ್ತಿ ಹಾಳಾದರೆ ಹೊಸ ನಿಯಮದಂತೆಯೇ ಕಟ್ಟಬೇಕು. ಆ ಸೈಟು 22 ಅಡಿ ಅಗಲ, 120 ಅಡಿ ಉದ್ದ. ಲೆಕ್ಕ ಹಾಕಿ ನೋಡಿ. ಪಕ್ಕದ ಸೆಟ್‌ಬ್ಯಾಕ್ ಬಿಟ್ಟರೆ ಉಳಿಯುವುದು 6 ಅಡಿ ಅಗಲ.

ಇನ್ನು ಪಾರ್ಕಿಂಗ್. ಅಂಗಡಿಗೆ 250 ಚದರ ಅಡಿಗೆ ಒಂದು ಕಾರು, ಆಫೀಸಿಗೆ 300ಕ್ಕೆ ಒಂದು. ಹಳೇ ಕಟ್ಟಡದ ಪ್ರತಿ ಮಹಡಿ 1,760 ಚದರ ಅಡಿ ಇತ್ತು. ಕೆಳಗಿನದಕ್ಕೆ 7, ಮೇಲಿನ ಎರಡಕ್ಕೆ 12, ಒಟ್ಟು 19 ಕಾರು. ಓಡಾಡುವ ದಾರಿ ಸೇರಿಸಿ ಒಂದು ಕಾರಿಗೆ ಸುಮಾರು 325 ಚದರ ಅಡಿ ಹಿಡಿದರೆ 6,000ಕ್ಕೂ ಜಾಸ್ತಿ ಚದರ ಅಡಿ ಬೇಕು. ಇಡೀ ಸೈಟೇ 2,640. ಅಂದರೆ ಊರಿಗೆ ನೆಂಟರು ಬಂದರೆ ಎಲ್ಲರೂ ಕರೆದುಕೊಂಡು ಹೋಗಿ ತೋರಿಸುವ ಬೀದಿಯನ್ನು ಇವತ್ತು ಕಟ್ಟಬೇಕು ಅಂದರೆ ಕಾನೂನು ಬಿಡುವುದಿಲ್ಲ. ನಾನು ಪ್ರತಿದಿನ ಅದೇ ಬೀದಿಯಲ್ಲಿ ಕಾಫಿ ಕುಡಿಯುತ್ತಿದ್ದೆ, ಇದನ್ನು ಒಂದು ಸಲವೂ ಯೋಚಿಸಿರಲಿಲ್ಲ.

ಅಲ್ಲಿಂದ ಶುರುವಾಯಿತು ನಮ್ಮ ಫಾರ್ಮ್-ಬೇಸ್ಡ್ ಕೋಡ್ ಕೆಲಸ. ಹೆಸರು ಕೇಳಿ ಗಾಬರಿಯಾಗಬೇಡಿ. ಮಾಮೂಲಿ ಜೋನಿಂಗ್ ಕೇಳುವುದು "ಒಳಗೆ ಏನು ನಡೆಯುತ್ತೆ?" ಅಂತ. ಅಂಗಡಿ ಇಲ್ಲಿ, ಮನೆ ಅಲ್ಲಿ, ಕಾರ್ಖಾನೆ ಇನ್ನೆಲ್ಲೋ. ಈ ಬಗೆಯ ಕೋಡ್ ಮೊದಲು ಕೇಳುವುದು "ಈ ಕಟ್ಟಡ ಬೀದಿಗೆ ಹೇಗೆ ಮುಖ ಮಾಡಿ ನಿಲ್ಲುತ್ತೆ?" ಅಂತ. ಮಾಮೂಲಿ ನಿಯಮ "ಕನಿಷ್ಠ ಇಷ್ಟು ಬಿಟ್ಟು ಕಟ್ಟು" ಅನ್ನುತ್ತದೆ. ಇದು "ಈ ಗೆರೆಗೆ ಬಂದು ನಿಲ್ಲು, ಬಾಗಿಲು ಬೀದಿ ಕಡೆಗಿರಲಿ, ಕಾರು ಹಿಂದಿರಲಿ" ಅನ್ನುತ್ತದೆ. ಒಳಗೆ ದಂತವೈದ್ಯರು ಕೂತರೋ ಬೇಕರಿ ಬಂತೋ, ಅದರ ತಲೆಬಿಸಿ ಕಡಿಮೆ.

ಬೆಂಗಳೂರಿನಲ್ಲಿ ಮನೆ ಕಟ್ಟುತ್ತಿರುವ ನನ್ನ ಚಿಕ್ಕಮ್ಮನ ಮಗನಿಗೆ ಇದನ್ನು ಹೇಳಿದಾಗ ಅವನು "ನಮ್ಮಲ್ಲೂ ಸೆಟ್‌ಬ್ಯಾಕ್ ಇದೆ, ಎಫ್‌ಎಆರ್ ಇದೆಯಲ್ಲೋ" ಅಂದ. ಇದೆ. ಎಫ್‌ಎಆರ್ ಸೈಟಿನ ವಿಸ್ತೀರ್ಣಕ್ಕೆ ಎಲ್ಲಾ ಮಹಡಿ ಸೇರಿ ಎಷ್ಟು ಪಟ್ಟು ಕಟ್ಟಬಹುದು ಅಂತ ಹೇಳುತ್ತದೆ, ಬೀದಿಗೆ ಏನು ಕಾಣಬೇಕು ಅಂತ ಹೇಳುವುದಿಲ್ಲ. ಅದಕ್ಕೇ ಅಲ್ವಾ ಎಷ್ಟೋ ಹೊಸ ಬಡಾವಣೆಗಳಲ್ಲಿ ನಡೆದುಕೊಂಡು ಹೋದರೆ ಎರಡೂ ಕಡೆ ಸ್ಟಿಲ್ಟ್ ಪಾರ್ಕಿಂಗಿನ ಗೇಟುಗಳೇ ಕಾಣುವುದು. ಹಳೇ ಮನೆಗಳಲ್ಲಿ ಜಗಲಿ ಇರುತ್ತಿತ್ತು, ಒಂದು ಮುಖ ಇರುತ್ತಿತ್ತು.

ಒಂದು ಚಿಕ್ಕ ಇತಿಹಾಸ, ಯಾಕೆಂದರೆ ಇದು ನಮ್ಮ ಒಹಾಯೊದ್ದೇ. ಉಪಯೋಗ ನೋಡಿ ಊರನ್ನು ತುಂಡು ತುಂಡು ಮಾಡುವ ಜೋನಿಂಗ್‌ಗೆ ಅಮೆರಿಕದ ಸುಪ್ರೀಂ ಕೋರ್ಟು ಒಪ್ಪಿಗೆ ಕೊಟ್ಟದ್ದು 1926ರಲ್ಲಿ. ಕ್ಲೀವ್‌ಲ್ಯಾಂಡ್ ಪಕ್ಕದ ಯೂಕ್ಲಿಡ್ ಅನ್ನುವ ಹಳ್ಳಿಗೂ ಆಂಬ್ಲರ್ ರಿಯಾಲ್ಟಿ ಅನ್ನುವ ಕಂಪನಿಗೂ 68 ಎಕರೆ ಜಾಗದ ಬಗ್ಗೆ ನಡೆದ ವ್ಯಾಜ್ಯ ಅದು. ಹಳ್ಳಿ ಗೆದ್ದಿತು. ಅದಕ್ಕೇ ಈ ಪದ್ಧತಿಗೆ ಯೂಕ್ಲಿಡಿಯನ್ ಜೋನಿಂಗ್ ಅಂತ ಹೆಸರು. ರೇಖಾಗಣಿತದ ಯೂಕ್ಲಿಡ್‌ಗೂ ಇದಕ್ಕೂ ಸಂಬಂಧ ಇಲ್ಲ ಅಂತ ಪಾಠದಲ್ಲಿ ಹೇಳಿಕೊಡುತ್ತಾರೆ. ಆದರೆ ಆ ಊರಿಗೆ ಸರ್ವೇಯರುಗಳು ಹೆಸರಿಟ್ಟದ್ದೇ ಆ ಪುಣ್ಯಾತ್ಮನ ನೆನಪಿಗೆ. ಫಾರ್ಮ್-ಬೇಸ್ಡ್ ಕೋಡ್ ಇದಕ್ಕಿಂತ ಬಹಳ ಈಚಿನದು. 1980ರ ದಶಕದಲ್ಲಿ ಫ್ಲೋರಿಡಾದ ಸೀಸೈಡ್ ಅನ್ನುವ 80 ಎಕರೆಯ ಊರಿಗೆ ಆಂಡ್ರೆಸ್ ಡುವಾನಿ ಮತ್ತು ಎಲಿಜಬೆತ್ ಪ್ಲೇಟರ್-ಜೈಬರ್ಕ್ ದಂಪತಿ ಇಡೀ ನಿಯಮವನ್ನು ಒಂದೇ ಹಾಳೆಯಲ್ಲಿ ಚಿತ್ರ ಸಮೇತ ಬರೆದುಕೊಟ್ಟರು.

ನಾವೂ ಎಲ್ಲರ ಹಾಗೆ ಮೊದಲು ಒಬ್ಬ ಕನ್ಸಲ್ಟೆಂಟ್‌ನ ಇಟ್ಟುಕೊಂಡೆವು. ಅವರು ಆರು ವಾರಕ್ಕೆ ಚೆಂದದ ಕರಡು ಕಳಿಸಿದರು, ಬಣ್ಣದ ಚಿತ್ರಗಳು, ಬಾಣದ ಗುರುತುಗಳು, ಎಲ್ಲಾ ಇತ್ತು. ಓದುತ್ತಾ ಹೋದರೆ ಫುಟ್‌ಪಾತಿನ ಮೇಲೆ ಕಂಬ ಸಾಲಿನ ಆರ್ಕೇಡ್, ಬಿಸಿಲಿಗೆ ನೆರಳು ಬೇಕು ಅಂತ. ನಮ್ಮಲ್ಲಿ ಡಿಸೆಂಬರಿನಿಂದ ಮಾರ್ಚ್‌ವರೆಗೆ ಬಿಸಿಲು ಬಂದರೆ ಜನ ಎದುರು ಹೋಗಿ ನಿಲ್ಲುತ್ತಾರೆ. ಬೇರೆ ಊರಿನ ಟೆಂಪ್ಲೇಟನ್ನು ಹೆಸರು ಬದಲಿಸಿ ಕಳಿಸಿದ್ದರು. ತಪ್ಪು ಪೂರ್ತಿ ಅವರದ್ದಲ್ಲ, ನಾವು ಕೊಟ್ಟ ದುಡ್ಡಿಗೆ ಅಷ್ಟೇ ಬರುವುದು.

ಆಮೇಲೆ ನಾವೇ ಅಳೆಯೋಣ ಅಂತ ತೀರ್ಮಾನ ಮಾಡಿದೆವು. ಬೇಸಿಗೆ ರಜೆಗೆ ಬಂದ ಇಬ್ಬರು ಕಾಲೇಜು ಹುಡುಗರು, ನಾನು, ಒಂದು ಟೇಪು, ಒಂದು ಅಳತೆ ಚಕ್ರ. ನಾಲ್ಕು ಬ್ಲಾಕು, 61 ಕಟ್ಟಡ. ಫುಟ್‌ಪಾತಿನಿಂದ ಗೋಡೆ ಎಷ್ಟು ದೂರ, ಬಾಗಿಲಿನಿಂದ ಬಾಗಿಲಿಗೆ ಎಷ್ಟು, ಕೆಳಮಹಡಿಯ ಎತ್ತರ, ಗಾಜಿನ ಕೆಳಗಿನ ಕಟ್ಟೆ ಎಷ್ಟು ಇಂಚು. ಈ ಕಟ್ಟೆಯ ವಿಷಯ ನನಗೆ ತುಂಬಾ ಇಷ್ಟವಾಯಿತು. ಹಳೇ ಅಂಗಡಿಗಳಲ್ಲಿ ಹೆಚ್ಚಿನವು 18ರಿಂದ 24 ಇಂಚಿನೊಳಗೇ. ಯಾಕೆ ಅಂತ ಮೊದಲು ಹೊಳೆಯಲಿಲ್ಲ. ಒಂದು ಮಧ್ಯಾಹ್ನ ಹಾರ್ಡ್‌ವೇರ್ ಅಂಗಡಿ ಮುಂದೆ ಟೇಪು ಹಿಡಿದು ಬಗ್ಗಿದ್ದಾಗ ಒಂದು ಮಗು ಬಂದು ಆ ಕಟ್ಟೆ ಮೇಲೆ ಎರಡೂ ಕೈಯಿಟ್ಟು ಒಳಗಿದ್ದ ಆಟದ ಟ್ರ್ಯಾಕ್ಟರ್ ನೋಡುತ್ತಾ ನಿಂತಿತು. ಅದರ ಅಜ್ಜ ಅದೇ ಕಟ್ಟೆ ಮೇಲೆ ಕೂತರು. ಅಷ್ಟೇ ವಿಷಯ. 36 ಇಂಚಾಗಿದ್ದರೆ ಇಬ್ಬರಿಗೂ ಆಗುತ್ತಿರಲಿಲ್ಲ. ಕೋಡಿನಲ್ಲಿ "ಗಾಜಿನ ಕೆಳಗಿನ ಕಟ್ಟೆ 24 ಇಂಚು ಮೀರಬಾರದು" ಅಂತ ಒಂದು ಸಾಲು ಇದೆ, ಅದು ಬಂದದ್ದು ಅಲ್ಲಿಂದ.

ಈ ಅಳತೆಗಳೇ ಕೋಡ್ ಆದವು. ಗೋಡೆ ಫುಟ್‌ಪಾತಿನಿಂದ 0ಯಿಂದ 5 ಅಡಿಯೊಳಗೆ, ಸೈಟಿನ ಅಗಲದ ಶೇಕಡ 80 ಭಾಗವಾದರೂ ಗೋಡೆ ತುಂಬಬೇಕು, ಕೆಳಮಹಡಿ ಕನಿಷ್ಠ 13 ಅಡಿ ಎತ್ತರ, ಅದರ ಮುಂಭಾಗದಲ್ಲಿ ಶೇಕಡ 60 ಭಾಗ ಗಾಜು. ನಾಲ್ಕು ಬ್ಲಾಕಿನೊಳಗೆ ಕಡ್ಡಾಯ ಪಾರ್ಕಿಂಗ್ ಸೊನ್ನೆ. ಪಾರ್ಕಿಂಗ್ ತೆಗೆಯುವಾಗ ನಮಗೂ ಕೈ ನಡುಗಿತ್ತು. ಆದರೆ ನ್ಯೂಯಾರ್ಕ್ ರಾಜ್ಯದ ಬಫಲೊ 2017ರಲ್ಲಿ ಜಾರಿಗೆ ತಂದ ಗ್ರೀನ್ ಕೋಡಿನಲ್ಲಿ ಇಡೀ ಊರಿಗೇ ಕನಿಷ್ಠ ಪಾರ್ಕಿಂಗ್ ನಿಯಮ ಕೈಬಿಟ್ಟಿತ್ತು. ಅಷ್ಟು ದೊಡ್ಡ ಊರು ಮಾಡಿದ್ದನ್ನು ನಾಲ್ಕು ಬ್ಲಾಕಿಗೆ ಮಾಡೋಣ ಅಂದೆವು.

ಕಡ್ಡಾಯವೋ ಐಚ್ಛಿಕವೋ ಅನ್ನುವುದರ ಮೇಲೆ ತಿಂಗಳುಗಟ್ಟಲೆ ಜಗಳವಾಯಿತು. ವರ್ಜೀನಿಯಾದ ಆರ್ಲಿಂಗ್ಟನ್ ಕೌಂಟಿ 2003ರಲ್ಲಿ ಕೊಲಂಬಿಯಾ ಪೈಕ್ ರಸ್ತೆಗೆ ತಂದದ್ದು ಐಚ್ಛಿಕ. ಹಳೇ ನಿಯಮವೂ ಇರಲಿ, ಹೊಸದನ್ನು ಹಿಡಿದರೆ ಬೇಗ ಅನುಮತಿ ಕೊಡುತ್ತೇವೆ ಅಂತ. ಮಯಾಮಿ 2009ರಲ್ಲಿ ಪಾಸು ಮಾಡಿ 2010ರಲ್ಲಿ ಜಾರಿ ಮಾಡಿದ ಮಯಾಮಿ 21 ಹಾಗಲ್ಲ, ಇಡೀ ಊರಿಗೆ ಹಳೇದನ್ನು ತೆಗೆದು ಹೊಸದು. ನಮ್ಮ ರಾಜ್ಯದ ಸಿನ್ಸಿನಾಟಿ 2013ರಲ್ಲಿ ಕೋಡ್ ಒಪ್ಪಿಕೊಂಡು, ಯಾವ ಬಡಾವಣೆಗೆ ಬೇಕೋ ಅದು ತೆಗೆದುಕೊಳ್ಳಲಿ ಅಂದಿತು. ನನ್ನ ಅಭಿಪ್ರಾಯ ಕೇಳಿದರೆ, ಬಿಲ್ಡರುಗಳಿಗೆ ದುಡ್ಡು ಅಥವಾ ಸಮಯ ಉಳಿಯದಿದ್ದರೆ ಐಚ್ಛಿಕ ಕೋಡ್ ಕಪಾಟಿನಲ್ಲೇ ಇರುತ್ತದೆ. ನಾವು ನಾಲ್ಕು ಬ್ಲಾಕಿಗೆ ಕಡ್ಡಾಯ ಮಾಡಿದೆವು, ಹೈವೇ ಕಡೆ ಮುಟ್ಟಲಿಲ್ಲ. ಹೈವೇ ಮುಟ್ಟಿದ್ದರೆ ಡ್ರೈವ್-ಥ್ರೂ ಇಟ್ಟುಕೊಂಡ ಬ್ಯಾಂಕುಗಳೆಲ್ಲ ವಕೀಲರನ್ನು ಕಳಿಸುತ್ತಿದ್ದವು.

ಜನರ ಮುಂದೆ ಇಟ್ಟಾಗ ಮೊದಲ ಸಭೆ ಕೆಟ್ಟುಹೋಯಿತು. ಶಾಲೆಯ ಊಟದ ಹಾಲು, ಪ್ರೊಜೆಕ್ಟರು, 48 ಸ್ಲೈಡು. ಹತ್ತನೇ ಸ್ಲೈಡಿಗೆ ಒಬ್ಬರು ಎದ್ದು "ನನ್ನ ಕಟ್ಟಡಕ್ಕೆ ಎಷ್ಟು ಕಿಟಕಿ ಇಡಬೇಕು ಅಂತ ಹೇಳೋಕೆ ನೀವ್ಯಾರು?" ಅಂದರು. ಚಪ್ಪಾಳೆ ಬಿತ್ತು. ಹಳೇ ನಿಯಮ ಇದಕ್ಕಿಂತ ಜಾಸ್ತಿ ಕಟ್ಟಿಹಾಕುತ್ತೆ ಅಂತ ನಾನು ಎಷ್ಟು ಹೇಳಿದರೂ ಯಾರ ಕಿವಿಗೂ ಹೋಗಲಿಲ್ಲ.

ಅವತ್ತು ರಾತ್ರಿ ಮನೆಗೆ ಬಂದು ಕೂತಾಗ ನೆನಪಾದದ್ದು ನಮ್ಮೂರಿನಲ್ಲಿ ಅಪ್ಪ ಮನೆ ಕಟ್ಟಿಸಿದ್ದು. ಮೇಸ್ತ್ರಿ ಕಾಗದದ ನಕ್ಷೆ ತೋರಿಸಿದಾಗ ಅಮ್ಮನಿಗೆ ಏನೂ ಅರ್ಥವಾಗಿರಲಿಲ್ಲ. ಪಾಯ ತೋಡುವ ಮುಂಚೆ ಬಿಳಿ ಪುಡಿಯಲ್ಲಿ ಮಾರ್ಕಿಂಗ್ ಹಾಕಿದ ಮೇಲೆ ಗೆರೆಯೊಳಗೆ ಹೋಗಿ ನಿಂತು "ಅಡುಗೆಮನೆ ಇಷ್ಟೇನಾ?" ಅಂತ ಕೇಳಿ, ಅಲ್ಲೇ ಒಂದೂವರೆ ಅಡಿ ಜಾಸ್ತಿ ಮಾಡಿಸಿಕೊಂಡಿದ್ದರು.

ಮುಂದಿನ ಸಭೆಯನ್ನು ಸುಟ್ಟ ಕಟ್ಟಡದ ಖಾಲಿ ಸೈಟಿನಲ್ಲೇ ಕರೆದೆವು. ಫುಟ್‌ಬಾಲ್ ಮೈದಾನಕ್ಕೆ ಗೆರೆ ಹಾಕುವ ಯಂತ್ರವನ್ನು ಶಾಲೆಯಿಂದ ತಂದು ಹಳೇ ನಿಯಮದ ಪ್ರಕಾರ ಎಲ್ಲಿ ಕಟ್ಟಬಹುದೋ ಅಲ್ಲಿ ಬಿಳಿ ಗೆರೆ ಎಳೆದೆ. 6 ಅಡಿ ಅಗಲ, 75 ಅಡಿ ಉದ್ದ. ರೈಲಿನ ಬೋಗಿಯೂ ಅದಕ್ಕಿಂತ ಅಗಲ. ಆಮೇಲೆ ನೀಲಿ ಬಣ್ಣದಲ್ಲಿ ಹೊಸ ಕೋಡಿನ ಗೆರೆ, ಫುಟ್‌ಪಾತಿನ ಅಂಚಿಗೇ, ಪಕ್ಕದ ಗೋಡೆಯಿಂದ ಪಕ್ಕದ ಗೋಡೆಗೆ. ಜನ ಬಂದರು, ಗೆರೆಗಳನ್ನು ನೋಡಿದರು. ಮೊದಲ ಸಭೆಯಲ್ಲಿ ಕಿಟಕಿ ಬಗ್ಗೆ ಕೂಗಾಡಿದವರೇ ಬಿಳಿ ಗೆರೆಯೊಳಗೆ ಹೋಗಿ ಎರಡೂ ಕೈ ಚಾಚಿದರು. ಬೆರಳು ಗೆರೆಗಿಂತ ಆಚೆ ಹೋಯಿತು. ಉದ್ದ ಆಸಾಮಿ. "ಇದು ನಿಜವಾಗಲೂ ಈಗಿರೋ ಕಾನೂನಾ?" ಅಂದರು. ಹೌದು ಅಂದೆ. ಅವರೇನೂ ನಮ್ಮ ಪರ ಆಗಲಿಲ್ಲ, ಕಿಟಕಿ ಲೆಕ್ಕದ ಬಗ್ಗೆ ಕೊನೆಯವರೆಗೂ ಗೊಣಗುತ್ತಲೇ ಇದ್ದರು. ಆದರೆ "ಹಳೇದೇ ಇರಲಿ" ಅನ್ನುವ ಮಾತು ಆಮೇಲೆ ಯಾರ ಬಾಯಲ್ಲೂ ಬರಲಿಲ್ಲ.

ಫೈರ್ ಚೀಫ್ ಮಾತ್ರ ಬೇರೆ ತಕರಾರು ತೆಗೆದರು. ಹಿಂದಿನ ಗಲ್ಲಿಯಲ್ಲಿ 20 ಅಡಿ ಅಡೆತಡೆ ಇಲ್ಲದ ದಾರಿ ಬೇಕು ಅಂತ. ನಿಯಮ ಅವರ ಕಡೆಗಿತ್ತು. ಒಂದು ಬೆಳಿಗ್ಗೆ ಆರು ಗಂಟೆಗೆ ಕೋನ್ ಇಟ್ಟು ಏಣಿ ಲಾರಿಯನ್ನೇ ಓಡಿಸಿ ನೋಡಿದೆವು. ಒಂದು ಮೂಲೆಯಲ್ಲಿ ತಿರುಗಲಿಲ್ಲ. ಆ ಮೂಲೆಯ ಕಟ್ಟಡದ ಗೆರೆಯನ್ನು 4 ಅಡಿ ಹಿಂದೆ ಹಾಕಿದೆವು. ಇಂಥವರನ್ನು ಕೊನೆಗೆ ಅಲ್ಲ, ಮೊದಲ ವಾರವೇ ಕರೆಯಬೇಕಿತ್ತು.

ಪಾಸು ಮಾಡಿಸುವ ಲೆಕ್ಕ ಗೊತ್ತಿರಬೇಕು. ಒಹಾಯೊ ಕಾನೂನಿನಲ್ಲಿ ವಿಚಾರಣೆಗೆ 30 ದಿನ ಮುಂಚೆ ಸಾರ್ವಜನಿಕ ನೋಟಿಸ್ ಹಾಕಬೇಕು, ಅಷ್ಟೂ ದಿನ ಕರಡು ಜನರಿಗೆ ನೋಡಲು ಸಿಗಬೇಕು. ಆಮೇಲೆ ಕೌನ್ಸಿಲ್‌ನಲ್ಲಿ ಬೇರೆ ಬೇರೆ ದಿನ ಮೂರು ಸಲ ಓದಬೇಕು. ಎಲ್ಲಕ್ಕಿಂತ ಮುಖ್ಯ, ಕೌನ್ಸಿಲ್‌ಗೆ ಸಲಹೆ ಕೊಡುವ ಪ್ಲಾನಿಂಗ್ ಕಮಿಷನ್ ಹೇಳಿದ್ದಕ್ಕಿಂತ ಬೇರೆಯಾಗಿ ಪಾಸು ಮಾಡಬೇಕಾದರೆ ಮುಕ್ಕಾಲು ಪಾಲು ಸದಸ್ಯರು ಬೇಕು. ನಮ್ಮ ಕೌನ್ಸಿಲ್‌ನಲ್ಲಿ ಏಳು ಜನ, ಅಂದರೆ ಆರು ವೋಟು. ನನ್ನ ಲೆಕ್ಕದಲ್ಲಿ ಐದೇ ಇತ್ತು. ಹಾಗಾಗಿ ಕಮಿಷನ್‌ನವರು ನಾಲ್ಕನೇ ಮಹಡಿ 10 ಅಡಿ ಹಿಂದೆ ಸರಿಯಬೇಕು ಅಂದಾಗ ನಾನು ವಾದ ಮಾಡಲಿಲ್ಲ, ಒಪ್ಪಿಕೊಂಡೆ. 5-2ರಲ್ಲಿ ಪಾಸಾಯಿತು. ಶುರು ಮಾಡಿ ಎರಡು ವರ್ಷ ನಾಲ್ಕು ತಿಂಗಳಾಗಿತ್ತು.

ಇದರಿಂದ ಬಾಡಿಗೆ ಕಡಿಮೆಯಾಯಿತಾ ಅಂತ ಕೆಲವರು ಕೇಳುತ್ತಾರೆ. ಇಲ್ಲ. ಕೋಡ್ ಗೋಡೆ ಎಲ್ಲಿರಬೇಕು ಅಂತ ಹೇಳುತ್ತದೆ, ಬಾಡಿಗೆ ಎಷ್ಟು ಅಂತ ಹೇಳುವುದಿಲ್ಲ.

ಸುಟ್ಟ ಸೈಟಿನಲ್ಲಿ ಹೊಸ ಕಟ್ಟಡ ಎದ್ದಿತು. ಮೂರು ಮಹಡಿ, ಕೆಳಗೆ ಶೇಕಡ 60 ಭಾಗ ಗಾಜು, ಕಟ್ಟೆ 22 ಇಂಚು. ಎಲ್ಲಾ ನಿಯಮದಂತೆ. ಕೆಳಗೆ ಪಿಜ್ಜಾ ಅಂಗಡಿ ಬಂತು, ಬಂದವರು ಮೊದಲ ವಾರವೇ ಅಷ್ಟೂ ಗಾಜಿಗೆ ಒಳಗಿನಿಂದ ಆಳೆತ್ತರದ ಪಿಜ್ಜಾ ಚಿತ್ರ ಅಂಟಿಸಿದರು. ನಾನು ಪುಸ್ತಕ ಹಿಡಿದು ಓಡಿದೆ. ಅಂಗಡಿಯ ಹುಡುಗ ಶಾಂತವಾಗಿ ಓದಿ "ಗಾಜು ಇರಬೇಕು ಅಂತಿದೆ ಸರ್, ಗಾಜು ಇದೆಯಲ್ಲ" ಅಂದ. ಅವನು ಹೇಳಿದ್ದು ಸರಿ. 61 ಕಟ್ಟಡ ಅಳೆದವರು ನಾವು, "ಪಾರದರ್ಶಕ" ಅನ್ನುವ ಒಂದು ಪದ ಬಿಟ್ಟಿದ್ದೆವು. ಮತ್ತೆ ನೋಟಿಸ್, ಮತ್ತೆ 30 ದಿನ, ಮತ್ತೆ ಮೂರು ಸಲ ಓದುವುದು. ಈಗ ಆ ಸಾಲು ಹೀಗಿದೆ: ಫುಟ್‌ಪಾತಿನಲ್ಲಿ ನಿಂತವರಿಗೆ ಗಾಜಿನಿಂದ ಒಳಗೆ ಕನಿಷ್ಠ 4 ಅಡಿ ಕಾಣಬೇಕು. ಹುಡುಗ ಚಿತ್ರ ತೆಗೆದ, ಒಲೆಯನ್ನು ಗಾಜಿನ ಹತ್ತಿರಕ್ಕೆ ತಂದ. ಈಗ ಸಂಜೆ ಹೊತ್ತು ಮಕ್ಕಳು ಅಲ್ಲಿ ಕಟ್ಟೆ ಹಿಡಿದುಕೊಂಡು ಹಿಟ್ಟು ಎಸೆಯುವುದನ್ನು ನೋಡುತ್ತಾ ನಿಲ್ಲುತ್ತವೆ.